ಬ್ಯಾರನ್ ಒಲೆ: ಜೋರಾಗಿ ಉರಿಯುವುದಲ್ಲ, ಹಿಡಿತಕ್ಕೆ ಸಿಗುವುದೇ ಉತ್ತಮ

ಹಾಸನ: ಜುಲೈ ಕಳೆದು ಆಗಸ್ಟ್ ಬಂತೆಂದರೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಭಾಗದಲ್ಲಿ, ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಕಡೆಯ ಊರುಗಳಲ್ಲಿ ಹಗಲಿರುಳೆನ್ನದೆ ಒಲೆಗಳು ಉರಿಯತೊಡಗುತ್ತವೆ. ಇವು ಅಡುಗೆಯ ಒಲೆಗಳಲ್ಲ. ಹೊಲದಿಂದ ಮುರಿದು ತಂದ ವರ್ಜೀನಿಯಾ ತಂಬಾಕಿನ ಹಸಿ ಎಲೆಯನ್ನು ಐದಾರು ದಿನಗಳಲ್ಲಿ ಹೊಂಬಣ್ಣಕ್ಕೆ ತರುವ ಬ್ಯಾರನ್ ಒಲೆಗಳು. ಬಿತ್ತನೆ, ಗೊಬ್ಬರ, ಮಳೆ ಎಲ್ಲವೂ ಕೈ ಹಿಡಿದ ವರ್ಷದಲ್ಲಿಯೂ ಈ ಒಲೆ ಕೈ ಕೊಟ್ಟರೆ ಹರಾಜು ಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಮೂರು ತಿಂಗಳು ಸಾಕಿದ ಬೆಳೆಯ ಭವಿಷ್ಯ ಒಂದು ರಾತ್ರಿಯ ಬೆಂಕಿಯಲ್ಲಿ ನಿರ್ಧಾರವಾಗುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಹೀಗಿದ್ದರೂ ಬ್ಯಾರನ್ ಕಟ್ಟಿಸುವಾಗ ಗೋಡೆ, ಮಾಡು, ಬಾಗಿಲುಗಳಿಗೆ ಕೊಡುವ ಗಮನವನ್ನು ಒಲೆಗೆ ಕೊಡುವವರು ವಿರಳ. ಹಳೆಯ ಒಲೆಯ ಅಳತೆಯಲ್ಲೇ ಹೊಸದನ್ನು ಕಟ್ಟಿಸುವುದು ವಾಡಿಕೆ. ಊರಿನಲ್ಲಿ ಜಮೀನು, ಬ್ಯಾರನ್ ಎರಡನ್ನೂ ಉಳಿಸಿಕೊಂಡು ಹಾಸನ, ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿರುವ ಕುಟುಂಬಗಳಿಗೂ ಇದು ತಿಳಿದಿರಬೇಕಾದ ವಿಷಯ. ದುರಸ್ತಿಗೆ ಹಣ ಕಳುಹಿಸುವವರು ಅವರೇ ಆಗಿರುತ್ತಾರೆ.

ಒಲೆ ಮಾಡಬೇಕಾದ ಕೆಲಸವೇನು?

ಬ್ಯಾರನ್ ಎಂದರೆ ಎತ್ತರದ, ಕಿಟಕಿಯಿಲ್ಲದ ಒಂದು ಕೋಣೆ. ನಮ್ಮ ಭಾಗದಲ್ಲಿ ಸಾಮಾನ್ಯವಾಗಿ ಸುಮಾರು 16 ಅಡಿ ಚದರದ್ದು. ಕಡ್ಡಿಗಳಿಗೆ ಕಟ್ಟಿದ ಎಲೆಯನ್ನು ಅದರೊಳಗೆ ಅಂತಸ್ತು ಅಂತಸ್ತಾಗಿ ತೂಗುಹಾಕಲಾಗುತ್ತದೆ. ಒಲೆಯ ಬಾಯಿ ಗೋಡೆಯ ಹೊರಗಿರುತ್ತದೆ. ಬೆಂಕಿಯ ಬಿಸಿ ಹೊಗೆ ತಗಡಿನ ದಪ್ಪ ಕೊಳವೆಗಳಲ್ಲಿ ನೆಲದ ಮೇಲೆ ಒಂದು ಸುತ್ತು ಹರಿದು ಚಿಮಣಿಯ ಮೂಲಕ ಹೊರಗೆ ಹೋಗುತ್ತದೆ. ಎಲೆಗೆ ತಾಗುವುದು ಕೊಳವೆಯ ಕಾವು ಮಾತ್ರ, ಹೊಗೆಯಲ್ಲ. 'ಹೊಗೆಸೊಪ್ಪು' ಎಂಬ ಹೆಸರಿದ್ದರೂ ಈ ಸೊಪ್ಪಿಗೆ ಹೊಗೆ ಸೋಕಲೇಬಾರದು ಎಂಬುದು ಇಲ್ಲಿಯ ಮೊದಲ ನಿಯಮ.

ಬೇಯಿಸುವ ಕೆಲಸ ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಎಲೆ ಹಳದಿಯಾಗುವ ಹಂತ. ಸುಮಾರು 85ರಿಂದ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 29ರಿಂದ 38 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಒಂದೂವರೆ ಎರಡು ದಿನ ಎಲೆಯನ್ನು ತೇವ ಆರಗೊಡದೆ ಇಡಬೇಕು. ಮುರಿದ ಮೇಲೂ ಎಲೆ ತಕ್ಷಣ ಸಾಯುವುದಿಲ್ಲ. ಈ ಅವಧಿಯಲ್ಲಿ ಅದರೊಳಗಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡುತ್ತದೆ, ಹಸಿರು ಬಣ್ಣ ಕರಗಿ ಹಳದಿ ಹೊರಬರುತ್ತದೆ. ಎಲೆ ಜೀವಂತವಾಗಿರುವಷ್ಟು ಹೊತ್ತು ಮಾತ್ರ ಈ ಮಾರ್ಪಾಡು ಸಾಧ್ಯ. ಬೆಂಕಿ ಜೋರಾಗಿ ಎಲೆ ಬೇಗ ಒಣಗಿಬಿಟ್ಟರೆ ಹಸಿರು ಅಲ್ಲೇ ಹೆಪ್ಪುಗಟ್ಟುತ್ತದೆ. ಮುಂದೆ ಎಷ್ಟು ಸೌದೆ ಸುಟ್ಟರೂ ಆ ಹಸಿರು ಹೋಗುವುದಿಲ್ಲ.

ಎರಡನೆಯದು ಬಣ್ಣ ನಿಲ್ಲಿಸಿ ಎಲೆಯ ಹಾಳೆಯನ್ನು ಒಣಗಿಸುವ ಹಂತ. ಕಾವನ್ನು 100ರಿಂದ 140 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ (38ರಿಂದ 60 ಸೆಲ್ಸಿಯಸ್) ಗಂಟೆಗೆ ಒಂದೆರಡು ಡಿಗ್ರಿಯಂತೆ ಏರಿಸುತ್ತಾ, ಗಾಳಿಕಿಂಡಿ ತೆರೆದು ತೇವವನ್ನು ಹೊರದೂಡಬೇಕು. ತೇವ ಒಳಗೇ ಉಳಿದು ಕಾವು ಮಾತ್ರ ಏರಿದರೆ ಎಲೆ ಕಂದುಗಟ್ಟುತ್ತದೆ. ಮೂರನೆಯ ಹಂತದಲ್ಲಿ 160-165 ಡಿಗ್ರಿವರೆಗೆ (71-74 ಸೆಲ್ಸಿಯಸ್) ಏರಿಸಿ ನಡುನರವನ್ನು ಒಣಗಿಸಲಾಗುತ್ತದೆ. ನರ ಅರೆಒಣಗಿದ್ದರೆ ದಾಸ್ತಾನಿನಲ್ಲಿ ಬೂಷ್ಟು ಹಿಡಿಯುತ್ತದೆ. ಮಿತಿ ಮೀರಿದರೆ ಸಕ್ಕರೆ ಸುಟ್ಟು ಎಲೆ ಕೆಂಪೇರುತ್ತದೆ.

ಈ ಮೂರು ಹಂತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಲೆಯ ಆಯ್ಕೆಯ ಸೂತ್ರ ತಾನಾಗಿ ಹೊರಬೀಳುತ್ತದೆ. ಕೊನೆಯ ದಿನ ಜೋರಾಗಿ ಉರಿಯುವುದು ಯಾವ ಒಲೆಗೂ ಕಷ್ಟವಲ್ಲ. ಮೊದಲ ಎರಡು ದಿನ ಸಣ್ಣ ಉರಿಯಲ್ಲಿ ಏರುಪೇರಿಲ್ಲದೆ ನಿಲ್ಲುವುದು ಎಲ್ಲ ಒಲೆಗಳಿಗೂ ಸಾಧ್ಯವಿಲ್ಲ. ಬೇಡವಾದಾಗ ಬೆಂಕಿಯನ್ನು ತಗ್ಗಿಸಲು ಬರುವಂತಿರುವುದೇ ಉತ್ತಮ ಬ್ಯಾರನ್ ಒಲೆ.

ನಿದ್ದೆಗಣ್ಣಿನ ಒಂದು ರಾತ್ರಿ

ಹೊಂಬಣ್ಣದ ತಂಬಾಕಿನ ಕಥೆ ಆರಂಭವಾಗುವುದೂ ಒಂದು ಬೆಂಕಿಯ ಹಿಡಿತ ತಪ್ಪಿದ್ದರಿಂದಲೇ. 1839ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಕ್ಯಾಸ್ವೆಲ್ ಕೌಂಟಿಯಲ್ಲಿ ಅಬಿಷಾ ಸ್ಲೇಡ್ ಎಂಬಾತನ ಜಮೀನಿನಲ್ಲಿ ಸ್ಟೀಫನ್ ಎಂಬ ಗುಲಾಮ ಬ್ಯಾರನ್ನಿನ ಬೆಂಕಿ ಕಾಯುತ್ತಿದ್ದ. ನಿದ್ದೆ ಹತ್ತಿ ಬೆಂಕಿ ಆರುವಂತಾದಾಗ ಗಾಬರಿಯಿಂದ ಕಮ್ಮಾರನ ಇದ್ದಿಲು ತಂದು ಸುರಿದ. ಹೊಗೆಯಿಲ್ಲದ ಆ ತೀಕ್ಷ್ಣ ಕಾವಿಗೆ ಎಲೆ ಹಿಂದೆಂದೂ ಕಾಣದ ಹಳದಿ ಬಣ್ಣ ತಳೆಯಿತು ಎಂಬುದು ಪ್ರಚಲಿತ ಕಥನ. ಆ ಬಣ್ಣದ ಲಾಭ ಒಡೆಯನಿಗೆ ಹೋಯಿತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇದ್ದಿಲಿನ ಜಾಗಕ್ಕೆ ಮುಂದೆ ಹೊಗೆಯನ್ನು ಒಳಗೇ ಹಿಡಿದಿಡುವ ಕೊಳವೆಗಳು ಬಂದವು. ಇಂದು ರಾಮನಾಥಪುರದ ಸುತ್ತ ಕಾಣುವುದೂ ಅದೇ ಏರ್ಪಾಡು.

ಹೊಗೆ ಎಲೆಗೆ ತಾಗಬಾರದೆಂಬ ನಿಯಮಕ್ಕೆ ಇನ್ನೊಂದು ಪಾಠವೂ ಅಮೆರಿಕದಿಂದಲೇ ಬಂತು. ಅಲ್ಲಿಯ ರೈತರು ಅನಿಲದ ಉರಿಯ ಗಾಳಿಯನ್ನು ನೇರವಾಗಿ ಎಲೆಗೆ ಹಾಯಿಸುತ್ತಿದ್ದರು. ಉರಿಯಲ್ಲಿ ಹುಟ್ಟುವ ಸಾರಜನಕದ ಆಕ್ಸೈಡುಗಳು ಎಲೆಯ ನಿಕೋಟಿನ್ ಜಾತಿಯ ವಸ್ತುಗಳೊಡನೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೊಸಮೈನ್‌ಗಳಾಗುತ್ತವೆ ಎಂಬುದು 1990ರ ದಶಕದ ಕೊನೆಯಲ್ಲಿ ಸ್ಪಷ್ಟವಾಯಿತು. 2000ದ ಆಸುಪಾಸಿನಲ್ಲಿ ಅಲ್ಲಿಯ ಬ್ಯಾರನ್‌ಗಳಿಗೆ ಉರಿಗಾಳಿಯನ್ನು ಬೇರ್ಪಡಿಸುವ ಶಾಖ ವಿನಿಮಯಕಗಳನ್ನು ಜೋಡಿಸಬೇಕಾಯಿತು. ತಂಬಾಕು ಹೇಗಿದ್ದರೂ ಹಾನಿಕರವೇ. ಅದನ್ನು ಬೆಳೆಯಲು ಪರವಾನಗಿ ಕೊಡುವ ದೇಶವೇ ಅದರ ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದವನ್ನು 2004ರಲ್ಲಿ ಅನುಮೋದಿಸಿದೆ. ಈ ವಿಪರ್ಯಾಸ ಬೇರೆಯೇ ಚರ್ಚೆಯ ವಸ್ತು. ಸೋರುವ ಕೊಳವೆ ಬೆಲೆಯನ್ನೂ ಕೆಡಿಸುತ್ತದೆ, ಹಾನಿಯನ್ನೂ ಹೆಚ್ಚಿಸುತ್ತದೆ ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಸೌದೆಯ ಲೆಕ್ಕ

ಒಲೆಯನ್ನು ಅಳೆಯಲು ಒಂದು ಸರಳ ಲೆಕ್ಕವಿದೆ. ಏಳು ಕಿಲೋ ಹಸಿ ಎಲೆಯಿಂದ ಸುಮಾರು ಒಂದು ಕಿಲೋ ಒಣ ಎಲೆ ಬರುತ್ತದೆಂದು ಇಟ್ಟುಕೊಂಡರೆ ಆರು ಕಿಲೋ ನೀರನ್ನು ಆವಿಯಾಗಿಸಬೇಕು. ಪ್ರತಿ ಕಿಲೋ ನೀರಿಗೆ ಸುಮಾರು 2.4 ಮೆಗಾಜೂಲ್‌ನಂತೆ ಒಟ್ಟು 14 ಮೆಗಾಜೂಲ್‌ಗಿಂತ ತುಸು ಹೆಚ್ಚು ಶಾಖ ಬೇಕಾಗುತ್ತದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಹೆಚ್ಚುಕಡಿಮೆ 15 ಮೆಗಾಜೂಲ್ ಶಾಖವಿದೆ. ಅಂದರೆ ನೀರು ಆರಿಸಲಷ್ಟೇ ಆದರೆ ಒಂದು ಕಿಲೋ ಎಲೆಗೆ ಒಂದು ಕಿಲೋ ಸೌದೆ ಸಾಕು! ಆದರೆ ಸಾಂಪ್ರದಾಯಿಕ ಬ್ಯಾರನ್‌ನಲ್ಲಿ ಕಿಲೋ ಒಣ ಎಲೆಗೆ 4ರಿಂದ 5 ಕಿಲೋ ಸೌದೆ ವ್ಯಯವಾಗುತ್ತದೆಂಬುದು ಸಾಮಾನ್ಯ ಅಂದಾಜು.

ಉಳಿದದ್ದು ಚಿಮಣಿಯಲ್ಲಿ, ಮಾಡಿನ ಸಂದುಗಳಲ್ಲಿ, ಗೋಡೆಯಲ್ಲಿ, ಒಲೆಯ ತೆರೆದ ಬಾಯಲ್ಲಿ ಹೋಗುತ್ತದೆ. ತೇವ ಹೊರಹೋಗಬೇಕಾದರೆ ಬಿಸಿಗಾಳಿಯೂ ಒಂದಿಷ್ಟು ಹೋಗಲೇಬೇಕಾದ್ದರಿಂದ ಈ ನಷ್ಟವನ್ನು ಸೊನ್ನೆಗೆ ಇಳಿಸಲಾಗದು. ಆದರೆ ಕಡಿಮೆ ಮಾಡಬಹುದು. ಹಂಗಾಮಿನಲ್ಲಿ 1,500 ಕಿಲೋ ಒಣ ಎಲೆ ತೆಗೆಯುವ ಬ್ಯಾರನ್ ಒಂದನ್ನು ಉದಾಹರಣೆಗೆ ತೆಗೆದುಕೊಳ್ಳಿ. ಕಿಲೋಗೆ 5 ಕಿಲೋದಂತೆ ಅದಕ್ಕೆ 7.5 ಟನ್ ಸೌದೆ ಬೇಕು. 3.5 ಕಿಲೋಗೆ ಇಳಿದರೆ 5.25 ಟನ್ ಸಾಕು. ಉಳಿಯುವ 2.25 ಟನ್ನಿನ ಬೆಲೆಯನ್ನು ಆಯಾ ವರ್ಷದ ಸೌದೆ ದರದಲ್ಲಿ ಗುಣಿಸಿ ನೋಡಿದವರಿಗೆ ಒಲೆಯ ದುರಸ್ತಿ ಖರ್ಚೆಂದು ತೋರದು.

ಕಟ್ಟಿಸುವಾಗ ನೋಡಬೇಕಾದ್ದು

ಮೊದಲಿಗೆ ಸರಳುಗಳ ಹಾಸು. ಸೌದೆಯನ್ನು ನೆಲದ ಮೇಲೆಯೇ ಒಟ್ಟಿ ಉರಿಸುವ ಒಲೆಯಲ್ಲಿ ಗಾಳಿ ಬೆಂಕಿಯ ಮೇಲೆ ಹಾದು ಹೋಗುತ್ತದೆಯೇ ಹೊರತು ಬೆಂಕಿಯೊಳಗೆ ನುಗ್ಗುವುದಿಲ್ಲ. ಸೌದೆ ಅರ್ಧ ಉರಿದು ಅರ್ಧ ಹೊಗೆಯಾಗುತ್ತದೆ. ಎರಕದ ಕಬ್ಬಿಣದ ಸರಳುಗಳನ್ನು ಹಾಸಿ, ಕೆಳಗೆ ಬೂದಿಗುಂಡಿ ಇಟ್ಟು, ಗುಂಡಿಗೊಂದು ಮುಚ್ಚುವ ಬಾಗಿಲು ಕೂರಿಸಿದರೆ ಅಲ್ಲಿಂದ ಬರುವ ಗಾಳಿಯೇ ಬೆಂಕಿಯ ಲಗಾಮು. ಸೌದೆ ಹಾಕುವ ಬಾಯಿಗೂ ಕಬ್ಬಿಣದ ಬಾಗಿಲು ಇರಲೇಬೇಕು. ಉದ್ದದ ದಿಮ್ಮಿಯನ್ನು ಅರ್ಧ ಹೊರಗೆ ಚಾಚಿಸಿ, ಉರಿದಂತೆ ಒಳಗೆ ತಳ್ಳುವ ಪದ್ಧತಿ ಶ್ರಮ ಉಳಿಸುತ್ತದೆ ನಿಜ. ಆದರೆ ಬಾಗಿಲು ಮುಚ್ಚದ ಒಲೆಗೆ ಲಗಾಮೂ ಇಲ್ಲ, ಸುರಕ್ಷತೆಯೂ ಇಲ್ಲ.

ಎರಡನೆಯದು ಕಟ್ಟಡದ ಗಾರೆ. ಒಲೆಯ ಒಳಮೈಗೆ ಸಿಮೆಂಟ್ ಬಳಸುವುದು ವ್ಯಾಪಕವಾಗಿರುವ ತಪ್ಪು. 400-500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಿಮೆಂಟ್ ಬಂಧ ಕಳೆದುಕೊಂಡು ಪುಡಿಯಾಗುತ್ತದೆ. ಬೆಂಕಿ ತಾಗುವ ಭಾಗಕ್ಕೆ ಶಾಖ ತಾಳುವ ಇಟ್ಟಿಗೆ, ಅದೇ ಜಾತಿಯ ಜೇಡಿಮಣ್ಣಿನ ಗಾರೆ ಸೂಕ್ತ. ಹೊರಮೈಗೆ ಸಾಧಾರಣ ಇಟ್ಟಿಗೆ ಸಾಕು.

ಮೂರನೆಯದು ಕೊಳವೆ ಮತ್ತು ಚಿಮಣಿ. ಒಲೆಗೆ ಹತ್ತಿರದ ಕೊಳವೆ ಕೆಂಪಗೆ ಕಾಯುವುದರಿಂದ ಅಲ್ಲಿಗೆ ದಪ್ಪ ತಗಡು ಬೇಕು. ದೂರ ಹೋದಂತೆ ತೆಳು ತಗಡು ನಡೆಯುತ್ತದೆ. ಎಲ್ಲ ಕೊಳವೆಗೂ ಒಂದೇ ದಪ್ಪದ ತಗಡು ಕೊಂಡು ಮೊದಲ ತುಂಡನ್ನು ಮೇಲಿಂದ ಮೇಲೆ ಬದಲಿಸುವುದು ಅರ್ಥವಿಲ್ಲದ ಉಳಿತಾಯ. ಕೊಳವೆ ಒಲೆಯಿಂದ ಚಿಮಣಿಯತ್ತ ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಸಾಗಬೇಕು. ಬಿಸಿ ಹೊಗೆಗೆ ಇಳಿಜಾರು ಹಿಡಿಸುವುದಿಲ್ಲ. ಚಿಮಣಿಯ ತುದಿ ಮಾಡಿನ ನೆತ್ತಿಗಿಂತ ಮೇಲಿರಬೇಕು. ಇಲ್ಲವಾದರೆ ಮಾಡನ್ನು ಹಾದು ಇಳಿಯುವ ಗಾಳಿ ಹೊಗೆಯನ್ನು ಒಳಕ್ಕೆ ತಳ್ಳುತ್ತದೆ. ಚಿಮಣಿಯೊಳಗೆ ತಿರುಗಿಸಬಹುದಾದ ತಗಡಿನ ಅಡ್ಡತಡೆಯನ್ನು, ಅಂದರೆ ಡ್ಯಾಂಪರ್ ಅನ್ನು ಇಡಲು ಕಮ್ಮಾರನಿಗೆ ಅರ್ಧ ದಿನದ ಕೆಲಸ. ಬೂದಿಗುಂಡಿಯ ಬಾಗಿಲು ಮತ್ತು ಈ ಡ್ಯಾಂಪರ್ ಎರಡೂ ಇದ್ದರೆ ರಾತ್ರಿ ಕಾವಲಿನವರಿಗೆ ಎರಡು ಗಂಟೆ ನೆಮ್ಮದಿ.

ವೆಂಚುರಿ ಒಲೆ ಎಂಬ ಸುಧಾರಿತ ಮಾದರಿಯೂ ಪ್ರಚಾರದಲ್ಲಿದೆ. ಉರಿಯ ದಾರಿಯನ್ನು ಒಂದೆಡೆ ಕಿರಿದಾಗಿಸಿ ಅಲ್ಲಿಗೆ ಹೆಚ್ಚುವರಿ ಗಾಳಿ ಸೇರುವಂತೆ ಮಾಡಿ, ಹೊಗೆಯಾಗಿ ಹೋಗಬೇಕಾದ ಅನಿಲವನ್ನೂ ಉರಿಸುವುದು ಅದರ ತತ್ವ. ತತ್ವ ಸರಿಯಾದುದೇ. ಆದರೆ ಸೀಳಿದ, ಒಣಗಿದ ಸೌದೆಯನ್ನು ಹಾಕುವವರಿಗೆ ಮಾತ್ರ ಅದು ಫಲ ಕೊಡುತ್ತದೆ. ಹಸಿ ಬೊಡ್ಡೆ ತುರುಕುವವರಿಗೆ ಹಳೆಯ ಒಲೆಯೂ ಒಂದೇ, ವೆಂಚುರಿಯೂ ಒಂದೇ.

ಮಾಡಿನ ಸಂದುಗಳನ್ನು ಮುಚ್ಚದೆ ಹೊಸ ಒಲೆಗೆ ಹಣ ಹಾಕುವುದು ತೂತು ಕೊಡಕ್ಕೆ ನೀರು ಸೇದಿದಂತೆ. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಮಾಡು ಮತ್ತು ಬಾಗಿಲು, ನಂತರ ಸರಳು ಹಾಸು ಮತ್ತು ಡ್ಯಾಂಪರ್, ಆಮೇಲೆ ಉಳಿದದ್ದು ಎಂಬ ಕ್ರಮವೇ ಲೇಸು. ಹೊಸ ಬ್ಯಾರನ್ ಕಟ್ಟುವವರು ಮಾತ್ರ ತಂಬಾಕು ಮಂಡಳಿಯ ಪರವಾನಗಿ ಇಲ್ಲದೆ ಒಂದು ಇಟ್ಟಿಗೆಯನ್ನೂ ಇಡಬಾರದು. 1975ರ ಕಾಯಿದೆಯಂತೆ ರಚನೆಯಾದ ಈ ಮಂಡಳಿಯಲ್ಲಿ ಬೆಳೆಗಾರರು ನೋಂದಾಯಿಸಿಕೊಳ್ಳಬೇಕು, ಬ್ಯಾರನ್‌ಗೂ ಪರವಾನಗಿ ಪಡೆಯಬೇಕು. ಒಲೆ ಸುಧಾರಣೆಗೆ ನೆರವು, ಮಾದರಿ ನಕ್ಷೆ ಇತ್ಯಾದಿಗಳನ್ನು ರಾಮನಾಥಪುರದ ಹರಾಜು ಕೇಂದ್ರದಲ್ಲಿ ವಿಚಾರಿಸುವುದು ಸೂಕ್ತ.

ಸೌದೆಗೆ ಬದಲಿಯೇನು?

ನೆರೆಹೊರೆಯ ತಾಲ್ಲೂಕುಗಳ ಬೆಳೆ ನೋಡಿದರೆ ಈ ಪ್ರಶ್ನೆಗೆ ಉತ್ತರದ ಒಂದು ಭಾಗ ಜಿಲ್ಲೆಯೊಳಗೇ ಇದೆ. ಚನ್ನರಾಯಪಟ್ಟಣ ತೆಂಗಿನ ಸೀಮೆ. ಗರಿ, ಮಟ್ಟೆ, ಚಿಪ್ಪು ಅಲ್ಲಿ ಬಚ್ಚಲು ಒಲೆಯ ನಿತ್ಯದ ಉರುವಲು. ಹಾಸನದಲ್ಲಿ ಕಾಫಿ ಸಂಸ್ಕರಣಾ ಘಟಕಗಳಿದ್ದು ಅಲ್ಲಿ ಕಾಫಿ ಹೊಟ್ಟು ಸಿಗುತ್ತದೆ. ನೀಲಗಿರಿ ನೆಡುತೋಪುಗಳಿಗೆ ರಾಜ್ಯ ಸರ್ಕಾರ 2017ರಲ್ಲಿ ನಿಷೇಧದ ಆದೇಶ ಹೊರಡಿಸಿದ ಮೇಲಂತೂ ಬದಲಿ ಉರುವಲಿನ ಮಾತು ಹೆಚ್ಚು ಗಂಭೀರವಾಯಿತು.

ಪ್ರತಿ ಉರುವಲಿಗೂ ಅದರದೇ ಗುಣವಿದೆ. ತೆಂಗಿನ ಗರಿ ಭುಗ್ಗನೆ ಉರಿದು ಆರುತ್ತದೆ. ಒಲೆ ಹೊತ್ತಿಸಲು ಅದಕ್ಕಿಂತ ಉತ್ತಮವಾದದ್ದಿಲ್ಲ, ಆದರೆ ಹಳದಿ ಹಂತದ ನಿಧಾನ ಕಾವಿಗೆ ಅದು ಒಗ್ಗದು. ಚಿಪ್ಪಿನ ಕಾವು ತೀಕ್ಷ್ಣ, ಕೊನೆಯ ಹಂತಕ್ಕೆ ಹೇಳಿಸಿದ್ದು. ಕಾಫಿ ಹೊಟ್ಟನ್ನು ಸಾಧಾರಣ ಸರಳಿನ ಮೇಲೆ ಸುರಿದರೆ ಗಾಳಿ ಕಟ್ಟಿ ಹೊಗೆಯಾಡುತ್ತದೆ. ಅದನ್ನು ಅಚ್ಚೊತ್ತಿದ ಬ್ರಿಕೆಟ್ ರೂಪದಲ್ಲಿ ಬಳಸುವುದು ಸುಲಭ. ಅದರಲ್ಲೂ ಒಂದು ತೊಡಕಿದೆ: ಪೊಟ್ಯಾಷ್ ಹೆಚ್ಚಿರುವ ಕಾರಣ ಅದರ ಬೂದಿ ಕರಗಿ ಸರಳುಗಳ ನಡುವೆ ಕಿಟ್ಟವಾಗಿ ಅಂಟಿಕೊಳ್ಳುತ್ತದೆ. ಹೊಟ್ಟಿನ ಬ್ರಿಕೆಟ್ ಹಾಕುವವರು ದಿನಕ್ಕೆರಡು ಬಾರಿಯಾದರೂ ಸಲಾಕೆಯಿಂದ ಸರಳು ಕೆದಕಬೇಕು.

ಉಳಿದಂತೆ ಸೌದೆಯೇ ಗತಿ ಎನ್ನುವವರಿಗೆ ಇರುವ ಮಾತು ಒಂದೇ: ಒಣಗಿಸಿರಿ. ಅರ್ಧದಷ್ಟು ನೀರಿರುವ ಹಸಿ ಸೌದೆಯ ಶಾಖ ಒಣ ಸೌದೆಯ ಅರ್ಧದಷ್ಟು ಮಾತ್ರ. ಜೂನ್‌ನಲ್ಲಿ ಕೊಂಡು ಜುಲೈ ಮಳೆಯಲ್ಲಿ ನೆನೆಸಿ ಆಗಸ್ಟ್‌ನಲ್ಲಿ ಉರಿಸುವುದೆಂದರೆ ದುಡ್ಡು ಕೊಟ್ಟು ನೀರು ಕೊಂಡಂತೆ. ಜನವರಿಯೊಳಗೆ ತಂದು ಸೀಳಿ, ಬೇಸಗೆಯ ಬಿಸಿಲುಣಿಸಿ, ಮಳೆಗೆ ಮುನ್ನ ಮಾಡಿನಡಿ ಸೇರಿಸಿದ ಸೌದೆಯ ಟನ್ನೊಂದು ಹಸಿಯ ಎರಡು ಟನ್ನಿಗೆ ಸಮ.

ತೊಂದರೆ ಎಲ್ಲಿದೆ?

ಬ್ಯಾರನ್ ಕೆಟ್ಟಾಗ ಬೈಗುಳ ಬೀಳುವುದು ಬೆಂಕಿ ಕಾಯುವವನಿಗೆ, ಇಲ್ಲವೇ ಎಲೆಗೆ. ಬಹುಪಾಲು ಸಂದರ್ಭಗಳಲ್ಲಿ ದೋಷವಿರುವುದು ಗಾಳಿಯ ದಾರಿಯಲ್ಲಿ.

ಹಳದಿ ಹಂತದಲ್ಲಿ ಕಾವು ಮಿತಿಮೀರುವುದನ್ನೇ ನೋಡಿ. ಇಂಥ ವೇಳೆ ಅನೇಕರು ಮೇಲಿನ ಗಾಳಿಕಿಂಡಿ ತೆರೆದುಬಿಡುತ್ತಾರೆ. ಕಾವು ಇಳಿಯುತ್ತದೆ, ಜೊತೆಗೆ ತೇವವೂ ಹೋಗುತ್ತದೆ. ಎಲೆ ಹಸಿರಾಗಿಯೇ ಒಣಗುತ್ತದೆ. ಮಾಡಬೇಕಾದದ್ದು ಬೂದಿಗುಂಡಿಯ ಬಾಗಿಲು ಮುಚ್ಚಿ, ಡ್ಯಾಂಪರ್ ಅನ್ನು ಅರೆಬರೆ ತಿರುಗಿಸಿ ಬೆಂಕಿಯನ್ನೇ ತಗ್ಗಿಸುವುದು. ಡ್ಯಾಂಪರನ್ನು ಪೂರ್ತಿ ಮುಚ್ಚಿದರೆ ವಿಷಾನಿಲ ಹಿಂದಕ್ಕೆ ನುಗ್ಗುವುದರಿಂದ ಅದರ ತಗಡಿಗೆ ಒಂದು ತೂತು ಬಿಟ್ಟಿರಬೇಕು. ಇಷ್ಟಾದರೂ ಬೆಂಕಿ ತಗ್ಗದಿದ್ದರೆ ಒಲೆಯ ಮೈಯಲ್ಲಿ ಎಲ್ಲೋ ಬಿರುಕಿದ್ದು ಕಳ್ಳಗಾಳಿ ಬರುತ್ತಿದೆಯೆಂದು ಅರ್ಥ. ಹೊತ್ತಿಸಿದ ಊದುಬತ್ತಿಯನ್ನು ಇಟ್ಟಿಗೆ ಸಂದುಗಳ ಮುಂದೆ ಹಿಡಿದರೆ ಹೊಗೆ ಒಳಕ್ಕೆಳೆಯುವ ಜಾಗ ಸಿಕ್ಕಿಬೀಳುತ್ತದೆ.

ಇದಕ್ಕೆ ತದ್ವಿರುದ್ಧವಾಗಿ, ನರ ಒಣಗಿಸುವಾಗ ಎಷ್ಟು ಸೌದೆ ಹಾಕಿದರೂ 150 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿಲ್ಲ ಎಂಬ ದೂರು ಹಂಗಾಮಿನ ನಡುವೆ ಸಾಮಾನ್ಯ. ಕೊಳವೆಯೊಳಗೆ ಕಟ್ಟಿದ ಮಸಿ ಇದಕ್ಕೆ ಮುಖ್ಯ ಕಾರಣ. ಮಸಿ ಶಾಖವನ್ನು ತಡೆಯುತ್ತದೆ, ಕಾವೆಲ್ಲ ಕೊಳವೆಯೊಳಗೇ ಓಡಿ ಚಿಮಣಿ ಸೇರುತ್ತದೆ. ಚಿಮಣಿ ಸುಡುವಷ್ಟು ಬಿಸಿಯಾಗಿದ್ದು ಬ್ಯಾರನ್ ಮಾತ್ರ ತಣ್ಣಗಿದ್ದರೆ ಅನುಮಾನವೇ ಬೇಡ. ಈ ಹಂತದಲ್ಲಿ ತೇವ ಅಷ್ಟಾಗಿ ಉಳಿದಿರುವುದಿಲ್ಲವಾದ್ದರಿಂದ ಗಾಳಿಕಿಂಡಿಗಳನ್ನು ಬಹುತೇಕ ಮುಚ್ಚಬೇಕೆಂಬುದನ್ನೂ ಹಲವರು ಮರೆಯುತ್ತಾರೆ.

ಒಲೆಯ ಬಾಯಿಂದ ಹೊಗೆ ಹಿಮ್ಮರಳುವುದು ಮೊದಲ ದಿನವಷ್ಟೇ ಆದರೆ ಚಿಂತೆಯಿಲ್ಲ. ತಣ್ಣನೆಯ ಚಿಮಣಿ ಎಳೆಯುವುದಿಲ್ಲ. ಚಿಮಣಿಯ ಬುಡದಲ್ಲಿ ಒಂದು ಹಿಡಿ ಒಣ ಗರಿ ಉರಿಸಿದರೆ ಎಳೆತ ಶುರುವಾಗುತ್ತದೆ. ದಿನವೂ ಹೀಗಾದರೆ ಚಿಮಣಿ ಕಟ್ಟಿದೆ, ಅಥವಾ ಗಿಡ್ಡವಾಗಿದೆ, ಇಲ್ಲವೇ ಸೌದೆ ಹಸಿಯಾಗಿದೆ.

ಒಂದು ಮೂಲೆಯ ಎಲೆ ಹಳದಿಯಾಗಿ ಇನ್ನೊಂದು ಮೂಲೆಯದು ಹಸಿರೇ ಉಳಿದರೆ ಆ ಬದಿಯ ಕೊಳವೆಯಲ್ಲಿ ಬೂದಿ ತುಂಬಿರಬಹುದು. ಕಡ್ಡಿಗಳನ್ನು ಒಂದೆಡೆ ಒತ್ತಾಗಿ, ಒಂದೆಡೆ ವಿರಳವಾಗಿ ಏರಿಸಿರುವ ಸಾಧ್ಯತೆಯೂ ಉಂಟು. ಬಿಸಿಗಾಳಿ ಸುಲಭದ ದಾರಿ ಹಿಡಿಯುತ್ತದೆ.

ಇವೆಲ್ಲಕ್ಕೂ ಮುನ್ನ ಉಷ್ಣಮಾಪಕವನ್ನು ಅನುಮಾನಿಸುವುದು ಒಳ್ಳೆಯದು. ಅದು ತೂಗಬೇಕಾದ್ದು ಕೆಳ ಅಂತಸ್ತಿನ ಎಲೆಯ ಮಟ್ಟದಲ್ಲಿ, ನಡುಭಾಗದಲ್ಲಿ, ಕೊಳವೆಯ ನೇರ ಕಾವು ತಾಗದಂತೆ. ಒದ್ದೆ ಬಟ್ಟೆಯ ಮಾಪಕ ಬಳಸುವವರು ಬತ್ತಿ ಶುಚಿಯಾಗಿದೆಯೇ, ನೀರಿದೆಯೇ ಎಂದು ದಿನಕ್ಕೆರಡು ಸಲ ನೋಡತಕ್ಕದ್ದು. ಎಲೆ ಒಣಗುವ ಹಂತದಲ್ಲಿ ಒದ್ದೆ ಮಾಪಕ 105 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಎಲೆ ಕಂದುವ ಅಪಾಯವಿದೆಯೆಂದು ತಿಳಿದು ಗಾಳಿಕಿಂಡಿ ಹಿಗ್ಗಿಸಬೇಕು. ಕೈಯಿಂದ ಮುಟ್ಟಿ ಹದ ಹೇಳಬಲ್ಲ ಅನುಭವಿಗಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಆದರೆ ಅವರು ರಾತ್ರಿ ಎರಡು ಗಂಟೆಗೆ ಎಲ್ಲರ ಬ್ಯಾರನ್‌ಗೂ ಬರಲಾರರು.

ಬೆಂಕಿ ಬಿದ್ದರೆ

ಹಂಗಾಮು ಬಂತೆಂದರೆ ಬ್ಯಾರನ್ ಭಸ್ಮವಾದ ಸುದ್ದಿಗಳೂ ಬರುತ್ತವೆ. ಕಾರಣ ಬಹುತೇಕ ಒಂದೇ ಬಗೆಯದು. ಕೊನೆಯ ಹಂತದಲ್ಲಿ ಎಲೆ ಕಾಗದದಷ್ಟು ಒಣಗಿರುತ್ತದೆ, ಒಲೆಯ ಬಳಿಯ ಕೊಳವೆ ಕೆಂಪಗೆ ಕಾದಿರುತ್ತದೆ. ಕಡ್ಡಿಯಿಂದ ಕಳಚಿದ ಒಂದೇ ಎಲೆ ಅದರ ಮೇಲೆ ಬಿದ್ದರೆ ಸಾಕು. ಕೊಳವೆಗಳ ಮೇಲೆ ಒಂದಿಷ್ಟು ಅಂತರದಲ್ಲಿ ತಂತಿ ಜಾಲರಿ ಹರಡುವುದು ಇದಕ್ಕೆ ಅತಿ ಅಗ್ಗದ ವಿಮೆ. ಜಾಲರಿಯ ಮೇಲೆ ಬಿದ್ದ ಎಲೆಯನ್ನು ಪ್ರತಿ ಬಾರಿ ಬ್ಯಾರನ್ ಇಳಿಸಿದಾಗಲೂ ಗುಡಿಸಬೇಕು. ಇಲ್ಲವಾದರೆ ಜಾಲರಿಯೇ ಉರುವಲಿನ ತಟ್ಟೆಯಾದೀತು. ಸಡಿಲ ಕಟ್ಟಿನ ಕಡ್ಡಿಗಳನ್ನು ಕೊಳವೆಯ ನೇರಕ್ಕೆ ತೂಗಬಾರದು.

ಒಳಗೆ ಬೆಂಕಿ ಕಂಡರೆ ಮನುಷ್ಯ ಸಹಜವಾಗಿ ಬಾಗಿಲು ತೆರೆದು ನೋಡುತ್ತಾನೆ. ಮಾಡಬಾರದ್ದು ಅದನ್ನೇ. ಬಾಗಿಲು ತೆರೆದೊಡನೆ ಹೊಸ ಗಾಳಿ ನುಗ್ಗಿ ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಎಲ್ಲ ಗಾಳಿಕಿಂಡಿಗಳನ್ನು ಮುಚ್ಚಿ, ಒಲೆಯ ಸೌದೆಯನ್ನು ಹೊರಗೆಳೆದು, ಅಕ್ಕಪಕ್ಕದ ಸೌದೆ ರಾಶಿಯನ್ನು ಸರಿಸಿ, ಅಗ್ನಿಶಾಮಕ ಠಾಣೆಗೆ ತಿಳಿಸಬೇಕು. ಗಾಳಿ ಸಿಗದ ಬೆಂಕಿ ಕೆಲವೊಮ್ಮೆ ಒಳಗೇ ಉಸಿರುಗಟ್ಟಿ ಆರುವುದುಂಟು. ಒಲೆಯ ಮುಂದೆ, ಬಾಗಿಲು ಮುಚ್ಚಿದ ಚಪ್ಪರದೊಳಗೆ ಮಲಗುವ ರೂಢಿಯೂ ನಿಲ್ಲಬೇಕು. ಕೆಂಡದ ಇಂಗಾಲದ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವಾಗುವುದಿಲ್ಲ.

ಹಂಗಾಮು ಮುಗಿದ ವಾರ

ನಿರ್ವಹಣೆಯ ಬಗ್ಗೆ ಕೇಳಿದರೆ ಜೂನ್‌ನಲ್ಲಿ ಒಲೆ ಬಳಿದು ಶುಚಿ ಮಾಡುತ್ತೇವೆ ಎಂಬ ಉತ್ತರ ಸಿಗುತ್ತದೆ. ಆ ಹೊತ್ತಿಗೆ ತಡವಾಗಿರುತ್ತದೆ. ಕೊಳವೆಯೊಳಗೆ ಉಳಿದ ಬೂದಿ ಮತ್ತು ಮಸಿ ಮಳೆಗಾಲದ ತೇವವನ್ನು ಹೀರಿ ತಗಡನ್ನು ತಿನ್ನುತ್ತವೆ. ಕೊಳವೆಗಳು ತೂತು ಬೀಳುವುದು ಉರಿಯುವಾಗಿನ ಕಾವಿಗಿಂತ ಸುಮ್ಮನಿರುವ ತಿಂಗಳುಗಳ ತುಕ್ಕಿನಿಂದಲೇ ಹೆಚ್ಚು. ಆದ್ದರಿಂದ ಕೊನೆಯ ಬ್ಯಾರನ್ ಇಳಿಸಿದ ವಾರದಲ್ಲಿಯೇ ಕೊಳವೆಗಳನ್ನು ಬಿಚ್ಚಿ, ಬಡಿದು, ಮಸಿ ಉದುರಿಸಿ, ಒಣಗಿದ ಜಾಗದಲ್ಲಿ ಎತ್ತಿಡಬೇಕು. ಬಿಚ್ಚಲಾಗದಿದ್ದಲ್ಲಿ ಒಳಗಿನ ಬೂದಿಯನ್ನಾದರೂ ಪೂರ್ತಿ ತೆಗೆಯಬೇಕು. ಚಿಮಣಿಯ ಬಾಯಿಗೆ ತಗಡಿನ ಟೋಪಿ ಇಲ್ಲದಿದ್ದರೆ ಮಡಕೆಯನ್ನಾದರೂ ಮಗುಚಬೇಕು.

ಮತ್ತೆ ಒಲೆ ಹೊತ್ತಿಸುವ ಮುನ್ನ ಎರಡು ಪರೀಕ್ಷೆ ಸಾಕು. ಹಗಲಿನಲ್ಲಿ ಬ್ಯಾರನ್ ಬಾಗಿಲು ಮುಚ್ಚಿ ಕತ್ತಲೆಯಲ್ಲಿ ನಿಂತು ಮಾಡು, ಗೋಡೆಗಳನ್ನು ನೋಡುವುದು ಮೊದಲನೆಯದು. ಬೆಳಕು ಕಂಡಲ್ಲೆಲ್ಲ ಕಾವು ಸೋರುತ್ತದೆ. ಎರಡನೆಯದಕ್ಕೆ ಒಲೆಯಲ್ಲಿ ಸ್ವಲ್ಪ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸಬೇಕು. ಬಾಗಿಲನ್ನು ತೆರೆದಿಟ್ಟು, ಹೊರಗೆ ಒಬ್ಬರನ್ನು ನಿಲ್ಲಿಸಿಕೊಂಡೇ ಒಳಗೆ ಇಣುಕಿ ಕೊಳವೆಯ ಯಾವ ಬೆಸುಗೆಯಿಂದ ಹೊಗೆ ಏಳುತ್ತದೆಂದು ಗುರುತು ಹಾಕಿಕೊಳ್ಳಬೇಕು. ಸಣ್ಣ ಸಂದುಗಳಿಗೆ ಜೇಡಿಮಣ್ಣು ಮತ್ತು ಇಟ್ಟಿಗೆ ಪುಡಿಯ ಲೇಪ ಸಾಕಾಗುತ್ತದೆ. ಬೆರಳು ತೂರುವಷ್ಟು ತಿಂದುಹೋದ ತಗಡಿಗೆ ಲೇಪ ನಿಲ್ಲುವುದಿಲ್ಲ, ತುಂಡನ್ನೇ ಬದಲಿಸಬೇಕು. ಹಂಗಾಮಿನ ನಡುವೆ ಎರಡು ಮೂರು ಬ್ಯಾರನ್ ಇಳಿಸಿದ ಮೇಲೊಮ್ಮೆ ಕೊಳವೆಯ ಮಸಿ, ದಿನವೂ ಬೂದಿಗುಂಡಿ. ಬೂದಿ ಸರಳಿನ ಮಟ್ಟಕ್ಕೆ ಏರಿತೆಂದರೆ ಗಾಳಿ ನಿಲ್ಲುವುದಷ್ಟೇ ಅಲ್ಲ, ತಣಿಯುವ ದಾರಿ ಕಾಣದ ಸರಳು ಬಾಗಿ ಹಾಳಾಗುತ್ತದೆ.

ಬ್ಯಾರನ್ ಅನ್ನು ಬೇರೆಯವರಿಂದ ನೋಡಿಸಿಕೊಳ್ಳುವ ನಗರವಾಸಿಗಳು ಜೂನ್‌ನಲ್ಲಿ ಊರಿಗೆ ಹೋದಾಗ ಈ ಎರಡು ಪರೀಕ್ಷೆಗಳನ್ನು ತಮ್ಮ ಕಣ್ಣೆದುರೇ ಮಾಡಿಸಬಹುದು. ಅರ್ಧ ದಿನ ಹಿಡಿಯುತ್ತದೆ. ತಗಡು ಬದಲಿಸಬೇಕಾದರೆ ಆಗಲೇ ಅಳತೆ ಕೊಟ್ಟುಬರಬೇಕು. ಜುಲೈ ಬಂದರೆ ಎಲ್ಲ ಕಮ್ಮಾರರ ಕೈಯಲ್ಲೂ ಬೇರೆಯವರ ಕೊಳವೆಗಳಿರುತ್ತವೆ.